ಸ್ವಿಚ್ಚಿನ ವಿದ್ಯೆ: ದುರ್ಗದ ಗಾಳಿಯಂತ್ರದಿಂದ ಹೊಲದ ಪಂಪ್‌ಸೆಟ್ಟಿನವರೆಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಆಷಾಢದ ಗಾಳಿ ಎದ್ದ ದಿನ ಚಿತ್ರದುರ್ಗದ ಕೋಟೆಯ ಮೇಲೆ ನಿಂತರೆ ಸುತ್ತಲಿನ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಆದರೆ ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಲಯವನ್ನು ಬಿಡುವಂತಿಲ್ಲ. ಇಷ್ಟು ಚಂಚಲವಾದ ಗಾಳಿಯನ್ನು ಆ ಲಯಕ್ಕೆ ಹೊಂದಿಸುವ ಕೆಲಸದಲ್ಲಿ ಇಂದಿನ ಯಂತ್ರಗಳು ನೆಚ್ಚಿಕೊಂಡಿರುವುದು ಉಗುರಿನಗಲದ ಸಿಲಿಕಾನ್ ಸ್ವಿಚ್ಚುಗಳನ್ನು. ಈ ಸ್ವಿಚ್ಚಿನ ವಿದ್ಯೆಗೆ ಪವರ್ ಎಲೆಕ್ಟ್ರಾನಿಕ್ಸ್ ಎಂದು ಹೆಸರು.

ಹಳೆಯ ಫ್ಯಾನುಗಳ ಡಬ್ಬಿ ರೆಗ್ಯುಲೇಟರನ್ನು ಮುಟ್ಟಿ ನೋಡಿದವರಿಗೆ ಅದು ಬಿಸಿಯಾಗುತ್ತಿದ್ದುದು ನೆನಪಿರಬಹುದು. ಫ್ಯಾನಿಗೆ ಬೇಡವಾದ ವೋಲ್ಟೇಜನ್ನು ಅದು ತನ್ನೊಳಗಿನ ತಂತಿಯಲ್ಲಿ ಸುಟ್ಟು ಕಳೆಯುತ್ತಿತ್ತು. ಸ್ವಿಚ್ಚಿನ ದಾರಿಯೇ ಬೇರೆ. ಪೂರ್ತಿ ಮುಚ್ಚಿದ ತೂಬಿನಲ್ಲಿ ನೀರು ಹರಿಯುವುದಿಲ್ಲ, ಪೂರ್ತಿ ತೆರೆದ ತೂಬಿನಲ್ಲಿ ನೀರಿಗೆ ತಡೆಯಿರುವುದಿಲ್ಲ. ಹಾಗೆಯೇ ವಿದ್ಯುತ್ ಸ್ವಿಚ್ಚಿನಲ್ಲಿ ಈ ಎರಡೂ ಸ್ಥಿತಿಗಳಲ್ಲಿ ನಷ್ಟ ಅತ್ಯಲ್ಪ. ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತಾ, ತೆರೆದಿರುವ ಅವಧಿಯನ್ನು ಹೆಚ್ಚು ಕಡಿಮೆ ಮಾಡಿದರೆ ಬೇಕಾದಷ್ಟೇ ವಿದ್ಯುತ್ತನ್ನು ಹರಿಸಬಹುದು. ತೆರೆಯುವ ಮತ್ತು ಮುಚ್ಚುವ ಆ ಅರೆಗಳಿಗೆಯಲ್ಲಿ ಮಾತ್ರ ಒಂದಿಷ್ಟು ಶಾಖ ಸೋರುತ್ತದೆ. ಆ ಸೋರಿಕೆಯನ್ನು ಇಳಿಸುವುದೇ ಈ ಕ್ಷೇತ್ರದ ಸಂಶೋಧಕರ ದೊಡ್ಡ ಹೋರಾಟ.

ಇಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ ಅವರನ್ನು ನೆನೆಯಲೇಬೇಕು. ಅವರ ಸಂಶೋಧನೆಗೆ ಮುಂಚೆ ಸ್ವಿಚ್ಚಿನ ಕೆಲಸಕ್ಕೆ ಎರಡು ಬಗೆಯ ಟ್ರಾನ್ಸಿಸ್ಟರುಗಳಿದ್ದವು: ಒಂದು ಸಣ್ಣ ವೋಲ್ಟೇಜಿನ ಸನ್ನೆಗೇ ಓಗೊಡುತ್ತಿತ್ತು, ಆದರೆ ಭಾರೀ ಹೊರೆ ತಾಳುತ್ತಿರಲಿಲ್ಲ, ಇನ್ನೊಂದು ಹೊರೆ ಹೊರುತ್ತಿತ್ತು, ಆದರೆ ಅದನ್ನು ನಡೆಸಲಿಕ್ಕೇ ಬಹಳ ವಿದ್ಯುತ್ತು ಬೇಕಿತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಬಾಳಿಗಾ ಅವರು 1980ರ ದಶಕದ ಆರಂಭದಲ್ಲಿ ಎರಡರ ಗುಣವನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸಿ ರೂಪಿಸಿದ ಸಾಧನವೇ ಐಜಿಬಿಟಿ, ಅಂದರೆ ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು. ನಮ್ಮ ಶಾಲಾ ಮಕ್ಕಳಿಗೆ ಈ ಹೆಸರು ಇನ್ನೂ ಅಷ್ಟಾಗಿ ಪರಿಚಯವಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

ಚಳ್ಳಕೆರೆ, ಹಿರಿಯೂರು ಕಡೆಯ ಹೊಲಗಳಲ್ಲಿ ಸೋಲಾರ್ ಪಂಪ್‌ಸೆಟ್ಟನ್ನು ಕಂಡವರು ಅದರ ಕಂಟ್ರೋಲರ್ ಪೆಟ್ಟಿಗೆಯನ್ನೂ ಕಂಡಿರುತ್ತೀರಿ. ಪಂಪಿಗೆ ಬೇಕಾಗುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗವನ್ನು ಸ್ವಲ್ಪವೇ ತಗ್ಗಿಸಿದರೂ ಹೊರೆ ಬಹಳ ಇಳಿಯುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಮೋಟಾರು ನಿಧಾನವಾಗಿ ತಿರುಗಿ, ಬಿಸಿಲೇರಿದಂತೆ ವೇಗ ಹೆಚ್ಚಿಸಿಕೊಳ್ಳುವುದು ಈ ಲೆಕ್ಕದಿಂದಲೇ. ಪ್ಯಾನೆಲ್ಲಿನ ವೋಲ್ಟೇಜು ಮತ್ತು ಕರೆಂಟನ್ನು ಮತ್ತೆ ಮತ್ತೆ ಅಳೆದು, ಅತಿ ಹೆಚ್ಚು ಶಕ್ತಿ ದೊರೆಯುವ ಬಿಂದುವನ್ನು ಹುಡುಕಿ, ಸ್ವಿಚ್ಚುಗಳಿಗೆ ಆಜ್ಞೆ ಕೊಡುವುದು ಒಳಗಿನ ಪುಟ್ಟ ಗಣಕ. ಮೋಡ ಬಂದು ಹೋದರೆ ಹುಡುಕಾಟ ಮತ್ತೆ ಮೊದಲಾಗುತ್ತದೆ.

ಈಗ ಸಿಲಿಕಾನಿಗೆ ಪೈಪೋಟಿಯಾಗಿ ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುಗಳು ಬಂದಿವೆ. ಸಿಲಿಕಾನ್ ಕಾರ್ಬೈಡ್ ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು ತೀವ್ರವಾದ ವಿದ್ಯುತ್ ಕ್ಷೇತ್ರವನ್ನು ತಾಳುವುದರಿಂದ ಅದರ ಪದರ ತೆಳುವಾದರೂ ಸಾಕು, ನಷ್ಟವೂ ಕಡಿಮೆ. ವಿದ್ಯುತ್ ಕಾರುಗಳಿಗೆ ಅದು ಆಗಲೇ ಹೊಕ್ಕಿದೆ. ಆದರೆ ಅದರ ಹರಳನ್ನು 2000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವಿನಲ್ಲಿ ನಿಧಾನವಾಗಿ ಬೆಳೆಸಬೇಕಾಗಿರುವುದರಿಂದ ಬೆಲೆ ಹೆಚ್ಚು.

ಗಣಕಗಳಿಗೂ ಇದೇ ವಿದ್ಯೆ ಬೇಕು. ಐದು ಎಚ್‌ಪಿ ಪಂಪ್‌ಸೆಟ್ಟು ಒಂದು ಫೇಸಿನಲ್ಲಿ ಏಳೆಂಟು ಆಂಪಿಯರ್ ಎಳೆದರೆ, ಕೃತಕ ಬುದ್ಧಿಮತ್ತೆಗೆ ಬಳಸುವ ದೊಡ್ಡ ಚಿಪ್ಪೊಂದು ಹೆಚ್ಚುಕಡಿಮೆ ಒಂದು ವೋಲ್ಟಿನಲ್ಲಿ ನೂರಾರು ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿನ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವಿದ್ಯುತ್ತನ್ನು ಹೆಚ್ಚು ವೋಲ್ಟೇಜಿನಲ್ಲಿ, ಕಡಿಮೆ ಕರೆಂಟಿನಲ್ಲಿ ಚಿಪ್ಪಿನ ಮಗ್ಗುಲಿನವರೆಗೆ ತಂದು ಅಲ್ಲಿಯೇ ವೋಲ್ಟೇಜನ್ನು ಇಳಿಸುವ ಪ್ರಯತ್ನ ನಡೆದಿದೆ.

ನಮ್ಮ ಊರುಗಳ ವೈಂಡಿಂಗ್ ಅಂಗಡಿಗಳಲ್ಲಿ ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತಿ ಜೀವ ಕೊಡುವ ನುರಿತ ಕೈಗಳಿವೆ. ಕಂಟ್ರೋಲರಿನ ಕಾರ್ಡು ಸುಟ್ಟರೆ ಮಾತ್ರ ಅದು ದೂರದ ನಗರಕ್ಕೆ ಹೋಗಬೇಕು, ಬೆಳೆ ಅಷ್ಟು ದಿನ ಕಾಯಬೇಕು. ಅಂಥ ಕಾರ್ಡನ್ನು ಬಿಚ್ಚಿ, ಕೆಟ್ಟ ಐಜಿಬಿಟಿಯನ್ನು ಮೀಟರಿನಲ್ಲಿ ಗುರುತಿಸಿ ಬದಲಿಸುವ ಕೆಲಸವನ್ನು ಐಟಿಐ ಓದುವ ಹುಡುಗ ಹುಡುಗಿಯರಿಗೆ ಇಲ್ಲಿಯೇ, ಈ ಅಂಗಡಿಗಳ ಬೆಂಚಿನ ಮೇಲೆಯೇ ಕಲಿಸಬೇಕೆಂಬುದು ನನ್ನ ಆಸೆ. ನಮಸ್ಕಾರ.