ಒಂದೇ ಮನೆ, ಎರಡು ಫೆರಿಟಿನ್

ಕೇಳುಗರಿಗೆಲ್ಲ ನಮಸ್ಕಾರ. ಮಡಿಕೇರೀಲಿ ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ, ಸ್ಟುಡಿಯೋಗೆ ಬರೋಷ್ಟರಲ್ಲಿ ಅರ್ಧ ನೆನೆದಿದ್ದೇನೆ, ಗಂಟಲು ಕಟ್ಟಿದ ಹಾಗೆ ಕೇಳಿಸಿದ್ರೆ ಕ್ಷಮಿಸಿ. ನಾನು ಡಾಕ್ಟ್ರಲ್ಲ, ಇಪ್ಪತ್ತೆಂಟು ವರ್ಷ ಲ್ಯಾಬಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡಿದವಳು, ಈಗ ರಿಟೈರ್ ಆಗಿ ಮೆಣಸಿನ ಬಳ್ಳಿ ನೋಡ್ಕೊಂಡಿದ್ದೇನೆ. ಇವತ್ತು ಮಾತಾಡೋದು ಮೈಯಲ್ಲಿ ಕಬ್ಬಿಣದಂಶ ಜಾಸ್ತಿ ಆಗೋದರ ಬಗ್ಗೆ. ಹೌದು, ಜಾಸ್ತಿ ಅಂತಾನೇ ಹೇಳಿದ್ದು. ರಕ್ತ ಕಮ್ಮಿ ಅಂತ ಕೇಳಿ ಕೇಳಿ ನಮಗೆ ಕಬ್ಬಿಣ ಜಾಸ್ತಿ ಆದ್ರೂ ಕಾಯಿಲೆ ಅನ್ನೋದು ತಲೆಗೇ ಹೋಗೋದಿಲ್ಲ.

ನನ್ನ ದೊಡ್ಡಪ್ಪನ ಮಕ್ಕಳು ಇಬ್ರು ಅಣ್ಣಂದಿರು, ಸಿದ್ದಾಪುರದ ಕಡೆ ತೋಟ. ದೊಡ್ಡಣ್ಣನಿಗೆ ಐವತ್ತು ದಾಟಿದ ಮೇಲೆ ಸುಸ್ತು, ಕೈಯ ತೋರುಬೆರಳು ಮಧ್ಯದ ಬೆರಳಿನ ಗೆಣ್ಣುಗಳಲ್ಲಿ ನೋವು, ಜೊತೆಗೆ ಶುಗರ್ ಬೇರೆ ಶುರುವಾಯ್ತು. ಎಲ್ರೂ ವಯಸ್ಸು ಅಂದ್ರು. ಕೊನೆಗೆ ಮೈಸೂರಲ್ಲಿ ಫೆರಿಟಿನ್, ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟು ಅಂತ ಅಂದಾಜು ಹೇಳೋ ರಕ್ತಪರೀಕ್ಷೆ, ಮಾಡಿಸಿದ್ರೆ 1,400. ಬರೀ ಫೆರಿಟಿನ್ ಜಾಸ್ತಿ ಬಂದ್ರೆ ಗಾಬರಿ ಬೇಡ, ಲಿವರಲ್ಲಿ ಕೊಬ್ಬಿದ್ರೂ, ಕುಡಿದ್ರೂ, ಎಲ್ಲೋ ಉರಿಯೂತ ಇದ್ರೂ ಅದು ಏರ್ತದೆ, ಅದಕ್ಕೇ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನು ಎಷ್ಟು ತುಂಬಿದೆ ಅನ್ನೋ ಇನ್ನೊಂದನ್ನೂ ನೋಡ್ಬೇಕು, 45 ಪರ್ಸೆಂಟ್ ದಾಟಿದ್ರೆ ಅನುಮಾನ. ಅಣ್ಣನದ್ದು 68 ಇತ್ತು. ಜೀನ್ ಟೆಸ್ಟಲ್ಲಿ ಎಚ್‌ಎಫ್‌ಇ ಅನ್ನೋ ಜೀನಲ್ಲಿ ಎಚ್63ಡಿ ಅನ್ನೋ ಬದಲಾವಣೆ, ಅಪ್ಪನಿಂದ ಒಂದು ಅಮ್ಮನಿಂದ ಒಂದು, ಎರಡೂ ಕಾಪಿ. ಚಿಕ್ಕಣ್ಣನಿಗೂ ಮಾಡಿಸಿದ್ವಿ. ಅವನಿಗೂ ಅದೇ ಎರಡು ಕಾಪಿ. ಆದ್ರೆ ಫೆರಿಟಿನ್ 190, ಆಸಾಮಿ ಗುಂಡುಕಲ್ಲಿನ ಹಾಗೆ ಇದ್ದಾನೆ!

ಜೀನ್ ಒಂದೇ ಅಂದ್ಮೇಲೆ ಇದು ಹೇಗೆ?

ತೋಟದ ಗೋಡೌನ್ ನೆನಪು ಮಾಡ್ಕೊಳ್ಳಿ. ಕಾಫಿ ಮೂಟೆ ಒಳಗೆ ಬರೋಕೆ ಒಂದು ಗೇಟುಂಟು, ಹೊರಗೆ ಹೋಗೋಕೆ ಬಾಗಿಲೇ ಇಲ್ಲ. ನಮ್ಮ ಮೈಯೂ ಹಾಗೇ, ಹೆಚ್ಚಾದ ಕಬ್ಬಿಣವನ್ನ ಹೊರಗೆ ಹಾಕೋ ದಾರಿ ಅದಕ್ಕಿಲ್ಲ, ದಿನಕ್ಕೆ ಒಂದೆರಡು ಮಿಲಿಗ್ರಾಂ ಚರ್ಮ, ಕರುಳಿನ ಜೀವಕೋಶ ಉದುರುವಾಗ ಹೋಗ್ತದೆ ಅಷ್ಟೇ. ಹಾಗಾಗಿ ಏನು ಮಾಡೋದಿದ್ರೂ ಗೇಟಲ್ಲೇ ಮಾಡ್ಬೇಕು. ಕರುಳಿನ ಜೀವಕೋಶದಲ್ಲಿರೋ ಆ ಗೇಟಿನ ಹೆಸರು ಫೆರೋಪೋರ್ಟಿನ್. ಲಿವರು ಅಂದ್ರೆ ತೋಟದ ಲೆಕ್ಕ ಬರೆಯೋ ರೈಟ್ರು. ಗೋಡೌನ್ ತುಂಬಿತು ಅಂತ ಗೊತ್ತಾದ ಕೂಡ್ಲೆ ರೈಟ್ರು ಗೇಟು ಮುಚ್ಚು ಅಂತ ಚೀಟಿ ಕಳಿಸ್ತಾರೆ, ಆ ಚೀಟಿಯೇ ಹೆಪ್ಸಿಡಿನ್ ಅನ್ನೋ ಹಾರ್ಮೋನು. ಮೂಟೆ ಎಣಿಸಿ ರೈಟ್ರಿಗೆ ಲೆಕ್ಕ ಹೇಳೋರು ಮೂರ್ನಾಲ್ಕು ಜನ ಇದ್ದಾರೆ, ಅವರಲ್ಲಿ ಒಬ್ಬ ಈ ಎಚ್‌ಎಫ್‌ಇ.

ಕಾಯಿಲೆಯ ಜೋರು ಎಷ್ಟು ಅನ್ನೋದು ಈ ಸಾಲಲ್ಲಿ ಕೈಕೊಟ್ಟವರು ಯಾರು ಅನ್ನೋದರ ಮೇಲೆ ನಿಂತಿದೆ. ಎಚ್‌ಎಫ್‌ಇ ಒಬ್ಬ ಲೆಕ್ಕ ತಪ್ಪಿದ್ರೆ ಉಳಿದವರು ಹೇಗೋ ಸುಧಾರಿಸ್ತಾರೆ, ಚೀಟಿ ತಡವಾಗಿ ಹೋಗ್ತದೆ, ಗೋಡೌನ್ ತುಂಬೋಕೆ ನಲವತ್ತು ಐವತ್ತು ವರ್ಷ ಹಿಡೀತದೆ. ಹಿಮೋಜುವೆಲಿನ್ ಅಂತ ಇನ್ನೊಬ್ಬನಿದ್ದಾನೆ, ಅವನು ಕೈಕೊಟ್ರೆ ಅಥವಾ ಹೆಪ್ಸಿಡಿನ್ ಜೀನೇ ಕೆಟ್ರೆ ಚೀಟಿ ಹೋಗೋದೇ ಇಲ್ಲ ಅನ್ನಬಹುದು, ಮೂವತ್ತು ತುಂಬೋ ಮೊದ್ಲೇ ಹಾರ್ಟು, ಹಾರ್ಮೋನು ಎಲ್ಲಾ ಪೆಟ್ಟು ತಿಂತಾವೆ, ಅಪರೂಪ ಆದ್ರೂ ಬಹಳ ಕೆಟ್ಟದ್ದು. ಇನ್ನು ಕೆಲವರಲ್ಲಿ ಚೀಟಿ ಸರಿಯಾಗಿ ಬಂದ್ರೂ ಗೇಟು ಮಾತು ಕೇಳೋದಿಲ್ಲ, ಇದಕ್ಕೆ ಒಬ್ಬರಿಂದ ಬಂದ ಒಂದೇ ಕಾಪಿ ಸಾಕು.

ಎಚ್‌ಎಫ್‌ಇ ಜೀನ್ ಪತ್ತೆಯಾದದ್ದು 1996ರಲ್ಲಿ. ಅದರಲ್ಲಿ ಸಿ282ವೈ ಅನ್ನೋ ಬದಲಾವಣೆ ಯುರೋಪಿನವರದ್ದು, ಐರ್ಲೆಂಡಲ್ಲಂತೂ ಸುಮಾರು 83 ಜನರಲ್ಲಿ ಒಬ್ಬರಿಗೆ ಎರಡೂ ಕಾಪಿ ಇರ್ತದೆ. ನಮ್ಮ ದೇಶದಲ್ಲಿ ಅದು ಸಿಗೋದೇ ಕಷ್ಟ, ಇಲ್ಲಿರೋದು ಎಚ್63ಡಿ, ಅದು ಸಾಧು, ಜೊತೆಗೆ ಬೇರೆ ಕಾರಣ ಸೇರದಿದ್ರೆ ಎರಡು ಕಾಪಿ ಇದ್ರೂ ಸಾಮಾನ್ಯವಾಗಿ ತಂಟೆಗೆ ಬರೋದಿಲ್ಲ. ಯುರೋಪಿನವರ ಆ ಜೋರಿನದ್ದೂ ಎಲ್ಲರಿಗೂ ಕಾಯಿಲೆ ತರೋದಿಲ್ಲ ನೋಡಿ, 2019ರಲ್ಲಿ ಬ್ರಿಟನ್ನಿನ ನಾಲ್ಕೂವರೆ ಲಕ್ಷ ಜನರ ಲೆಕ್ಕ ಬಂತು, ಎರಡೂ ಕಾಪಿ ಇದ್ದ ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಅಂತ ಗೊತ್ತಾಗಿತ್ತು. ಹೆಂಗಸರಿಗೆ ಯಾಕೆ ಕಮ್ಮಿ ಅಂದ್ರೆ, ರೇಡಿಯೋದಲ್ಲಿ ಹೇಳೋಕೆ ನಾಚಿಕೆ ಏನಿಲ್ಲ, ತಿಂಗಳು ತಿಂಗಳು ರಕ್ತ ಹೋಗ್ತದಲ್ಲ, ಮತ್ತೆ ಒಂದು ಬಸಿರಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮುಟ್ಟು ನಿಂತ ಮೇಲೆ ನಮ್ಮ ಗೋಡೌನೂ ತುಂಬೋಕೆ ಶುರು.

ಉಳಿದ ವ್ಯತ್ಯಾಸಕ್ಕೆ ಬೇರೆ ಜೀನುಗಳೂ ಕೈ ಹಾಕ್ತಾವೆ. ಪಿಸಿಎಸ್‌ಕೆ7 ಅನ್ನೋದರಲ್ಲಿ ಒಂದು ಬದಲಾವಣೆ ಇದ್ರೆ ಲಿವರ್ ಸಿರೋಸಿಸ್ ಆಗೋ ಸಾಧ್ಯತೆ ಹೆಚ್ಚು ಅಂತ ಕಂಡಿದೆ. ಜಿಎನ್‌ಪಿಎಟಿ ಅಂತ ಒಂದು 2015ರಲ್ಲಿ ಭಾರೀ ಸುದ್ದಿ ಮಾಡ್ತು, ಆಮೇಲೆ ಬೇರೆಯವರು ಹುಡುಕಿದ್ರೆ ಹಲವು ಕಡೆ ಸಿಗಲೇ ಇಲ್ಲ.

ನಮ್ಮ ದೊಡ್ಡಣ್ಣನ ವಿಷಯದಲ್ಲಿ ಕಳ್ಳ ಬೇರೆಯೇ ಇದ್ದ. ಬೀಟಾ ತಲಸೇಮಿಯಾ ಮೈನರ್, ಅಂದ್ರೆ ಹಿಮೋಗ್ಲೋಬಿನ್ ಮಾಡೋ ಜೀನಿನ ಒಂದು ಕಾಪಿ ಕೆಟ್ಟಿರೋದು. ಹಿಮೋಗ್ಲೋಬಿನ್ ಯಾವಾಗ್ಲೂ 12ರ ಆಸುಪಾಸು, ಕೆಂಪು ಕಣ ಸಣ್ಣ ಸಣ್ಣದು. ಚಿಕ್ಕಣ್ಣನಿಗೆ ಇದು ಬಂದಿಲ್ಲ. ತಲಸೇಮಿಯಾ ಇದ್ದಾಗ ಮೂಳೆಯೊಳಗಿನ ಮಜ್ಜೆ ಕೆಂಪು ಕಣ ಮಾಡ್ತಾ ಮಾಡ್ತಾ ಒಂದಿಷ್ಟು ಹಾಳಾಗ್ತಾವೆ, ಅದಕ್ಕೆ ಮಜ್ಜೆ ಇನ್ನೂ ಕಬ್ಬಿಣ ಕಳಿಸಿ ಅಂತ ಕೂಗ್ತದೆ, ಆ ಕೂಗು ಎರಿಥ್ರೋಫೆರೋನ್ ಅನ್ನೋ ಹಾರ್ಮೋನು, ಅದು ರೈಟ್ರ ಕೈಯಿಂದ ಚೀಟಿ ಕಿತ್ಕೊಳ್ತದೆ. ಮೊದ್ಲೇ ಲೆಕ್ಕ ಹೇಳೋನು ಮಂಕು, ಮೇಲಿಂದ ಈ ಕೂಗು. ಸಾಲದ್ದಕ್ಕೆ ಅಣ್ಣ ಸಂಜೆ ಎರಡು ಪೆಗ್ ಬಿಡೋನಲ್ಲ, ಕೈಲ್‌ಪೊಳ್ದು ಹಬ್ಬಕ್ಕೆ ಪಂದಿಕರಿ ಜೊತೆ ಎಷ್ಟು ಅಂತ ಲೆಕ್ಕ ಇಟ್ಟೋರು ಯಾರು. ಆಲ್ಕೋಹಾಲು ಕೂಡ ಹೆಪ್ಸಿಡಿನ್ ಇಳಿಸ್ತದೆ, ಅಂದ್ರೆ ರೈಟ್ರಿಗೇ ಕುಡಿಸಿ ಮಲಗಿಸಿದ ಹಾಗೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಹಿಮೋಗ್ಲೋಬಿನ್ 12 ಅಂತ ನೋಡಿ, ಫೆರಿಟಿನ್ ಒಂದು ಸಲವೂ ನೋಡದೆ, ಅವನಿಗೆ ವರ್ಷಗಟ್ಟಲೆ ಐರನ್ ಮಾತ್ರೆ ಟಾನಿಕ್ ಬರ್ಕೊಟ್ಟಿದ್ರು. ತುಂಬಿದ ಗೋಡೌನಿಗೆ ಹಿತ್ತಲಿಂದ ಲಾರಿ ಲೋಡ್! ಕಣ ಸಣ್ಣದಿದ್ರೆ ಕಬ್ಬಿಣ ಕಮ್ಮಿಯೇ ಅಂತ ತಿಳ್ಕೊಂಡ್ರೆ ಹೀಗೇ ಆಗೋದು, ಎಚ್‌ಬಿಎ2 ಅಂತ ಒಂದು ಟೆಸ್ಟ್ ಮಾಡಿದ್ರೆ ತಲಸೇಮಿಯಾ ಮೈನರ್ ಅಂತ ಅವತ್ತೇ ತಿಳೀತಿತ್ತು. ಲ್ಯಾಬಲ್ಲೇ ಇದ್ದ ತಂಗಿ ನಾನು, ನನಗೂ ಹೊಳೀಲಿಲ್ಲ.

ಚಿಕಿತ್ಸೆ ಅಂದ್ರೆ ರಕ್ತ ತೆಗೆಯೋದು. 500 ಎಂಎಲ್ ತೆಗೆದ್ರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಗೆ. ಅಣ್ಣನಿಗೆ ರಕ್ತ ಮೊದ್ಲೇ ಕಮ್ಮಿ ಇರೋದ್ರಿಂದ ಡಾಕ್ಟ್ರು ಸ್ವಲ್ಪ ಸ್ವಲ್ಪವೇ, ಬಿಟ್ಟು ಬಿಟ್ಟು ತೆಗೆಸ್ತಿದ್ದಾರೆ, ಮಾತ್ರೆ ನಿಂತಿದೆ, ಪೆಗ್ಗೂ ನಿಂತಿದೆ ಅಂತ ಅತ್ತಿಗೆ ಹೇಳ್ತಾರೆ, ನಾನು ಪೂರ್ತಿ ನಂಬಿಲ್ಲ. ಊಟದ ಜೊತೆ ಕಾಫಿ ಕುಡಿದ್ರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹಿಡಿಯೋದು ಕಮ್ಮಿ ಆಗ್ತದೆ ಅನ್ನೋದು ಗೊತ್ತಾದ ಮೇಲೆ ಅದನ್ನೇ ಔಷಧಿ ಅಂತ ಲೋಟಗಟ್ಟಲೆ ಕುಡೀತಿದ್ದಾನೆ, ತೋಟದ ಮಾಲೀಕ ಅಲ್ವಾ.

ಈಗ ಅವನ ಮಗಳ ಮದುವೆ ಮಾತು ನಡೀತಾ ಇದೆ. ದೊಡ್ಡಪ್ಪ ದೊಡ್ಡಮ್ಮ ಸೋದರ ಸಂಬಂಧದಲ್ಲಿ ಮದುವೆ ಆದವರು, ಒಕ್ಕ, ಅಂದ್ರೆ ಮನೆತನ, ಬೇರೆ ಬೇರೆ ಆದ್ರೂ ಅಜ್ಜ ಅಜ್ಜಿ ಒಬ್ಬರೇ ಆದ್ರೆ ಒಂದೇ ಕೊರತೆ ಎರಡು ಕಡೆಯಿಂದಲೂ ಬರೋ ಸಾಧ್ಯತೆ ಹೆಚ್ಚು, ಜೀನಿಗೆ ಒಕ್ಕದ ಹೆಸರು ಗೊತ್ತಿಲ್ಲ. ಮಗಳಿಗೆ ಎಚ್63ಡಿ ಒಂದು ಕಾಪಿ ಅಪ್ಪನಿಂದ ಬಂದೇ ಬಂದಿರ್ತದೆ, ಅದಕ್ಕೆ ಚಿಂತೆ ಇಲ್ಲ. ತಲಸೇಮಿಯಾದ್ದು ಅರ್ಧಕ್ಕರ್ಧ ಚಾನ್ಸ್, ಟೆಸ್ಟ್ ಮಾಡಿಸಿದ್ರೆ ಅವಳಿಗೂ ಮೈನರ್. ಹುಡುಗನಿಗೂ ಮೈನರ್ ಇದ್ರೆ ಮಗುವಿಗೆ ಮೇಜರ್, ಅಂದ್ರೆ ಎರಡೂ ಕಾಪಿ ಕೆಟ್ಟ ಜೋರಿನ ತಲಸೇಮಿಯಾ, ಆಗೋ ಸಾಧ್ಯತೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು. ಹುಡುಗನ ಕಡೆಯವರಿಗೆ ಹೇಳಿದ್ವಿ, ಮೊದಲು ಮುಖ ಗಂಟು ಹಾಕ್ಕೊಂಡ್ರು, ಆಮೇಲೆ ಹುಡುಗನೇ ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ರಿಪೋರ್ಟು ಸೋಮವಾರ ಬರ್ತದೆ. ನಮಸ್ಕಾರ.