ಪುಟ್ಟ ಮಕ್ಕಳ ನ್ಯುಮೋನಿಯಾ: ಯಾವ ರೋಗಾಣು, ಯಾವ ಔಷಧಿ?

ಕೇಳುಗರೇ, ನಮಸ್ಕಾರ.

ಮಗುವಿಗೆ ಕೆಮ್ಮು, ಜ್ವರ ಬಂದರೆ ಮೊದಲು ಹಣೆ ಮುಟ್ಟಿ ನೋಡುತ್ತೇವೆ, ಅಲ್ವಾ? ನ್ಯುಮೋನಿಯಾದ ಗುರುತು ಕಾಣುವುದು ಎದೆಯಲ್ಲಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅರ್ಧ ನಿಮಿಷದ ಲೆಕ್ಕ ಸಾಲದು, ಎಳೆಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೂ ಅಷ್ಟೇ. ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ನ್ಯುಮೋನಿಯಾ ವೈರಸ್‌ನಿಂದಲೂ ಬರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ನ್ಯುಮೋಕಾಕಸ್. ಎಷ್ಟೋ ಮಕ್ಕಳ ಮೂಗು, ಗಂಟಲಲ್ಲಿ ಇದು ತೊಂದರೆ ಕೊಡದೆ ಇರುತ್ತದೆ. ನೆಗಡಿಯಾಗಿ ಮಗು ಸೋತಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಳಿ ತುಂಬಬೇಕಾದ ಪುಟ್ಟ ಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಇನ್ನೊಂದು ಬ್ಯಾಕ್ಟೀರಿಯಾ ಹಿಬ್, ಅಂದರೆ ಹೀಮೊಫಿಲಸ್ ಇನ್‌ಫ್ಲುಯೆಂಜಾ ಬಿ. ಈ ಎರಡಕ್ಕೂ ಲಸಿಕೆ ಇದೆ, ದಯವಿಟ್ಟು ತಪ್ಪಿಸಬೇಡಿ. ಸ್ಟ್ಯಾಫಿಲೋಕಾಕಸ್ ಅಪರೂಪ, ಆದರೆ ಬಲು ಜೋರು. ಶ್ವಾಸಕೋಶದ ಸುತ್ತ ಕೀವು ಕಟ್ಟಿದರೆ ನಳಿಗೆ ಹಾಕಿ ತೆಗೆಯಬೇಕಾಗುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಮಗುವಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಅಮಾಕ್ಸಿಸಿಲಿನ್. ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳುವುದನ್ನೇ ಅದು ತಡೆಯುತ್ತದೆ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಗೋಡೆಯೇ ಇಲ್ಲ. ಐದು ದಾಟಿದ ಮಕ್ಕಳಲ್ಲಿ ಜಾಸ್ತಿ ಕಾಣುವ ಇದಕ್ಕೆ ಅಜಿತ್ರೊಮೈಸಿನ್‌ನಂಥ ಬೇರೆ ಔಷಧಿ ಬೇಕು. ಅದಕ್ಕೇ ಅಣ್ಣನಿಗೆ ತಂದು ಉಳಿದ ಸಿರಪ್ಪನ್ನು ತಂಗಿಗೆ ಕುಡಿಸಬಾರದು. ಡೋಸ್ ಕೂಡ ಮಗುವಿನ ತೂಕ ನೋಡಿ ಕೊಡುವಂಥದ್ದು.

ಅಮಾಕ್ಸಿಸಿಲಿನ್ ಆದರೆ ದಿನಕ್ಕೆ ಎರಡು ಸಲ, ಮೂರರಿಂದ ಐದು ದಿನ ಕೊಡಲು ಹೇಳುವುದು ವಾಡಿಕೆ. ಎರಡನೇ ದಿನಕ್ಕೇ ಜ್ವರ ಬಿಟ್ಟು ಮಗು ಆಡತೊಡಗುತ್ತದೆ. ಬಾಟಲಿ ಮೂಲೆ ಸೇರುವುದು ಆಗಲೇ. ಹಾಗೆ ಮಾಡಬೇಡಿ, ಹೇಳಿದಷ್ಟು ದಿನ ಕೊಡಿ. ಎರಡು ಮೂರು ದಿನವಾದರೂ ಉಸಿರಾಟ ಸುಧಾರಿಸದಿದ್ದರೆ ಮತ್ತೆ ತೋರಿಸಿ, ಔಷಧಿ ಬದಲಿಸಬೇಕಾಗಬಹುದು.

ಎರಡು ತಿಂಗಳೊಳಗಿನ ಕೂಸನ್ನೂ ತೀವ್ರವಾಗಿ ಬಳಲಿದ ಮಗುವನ್ನೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಆಸ್ಪತ್ರೆಯಲ್ಲಿ ಆಂಪಿಸಿಲಿನ್ ಅಥವಾ ಪೆನಿಸಿಲಿನ್ ಜೊತೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಡುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೆ ಅದನ್ನೂ ಕೊಡುತ್ತಾರೆ. ಮೂಗಿಗೆ ನಳಿಗೆ ಇಟ್ಟರೆಂದು ಹೆದರಬೇಡಿ. ಔಷಧಿ ಹಿಡಿಯುವವರೆಗೆ ಮಗುವನ್ನು ಉಳಿಸುವುದು ಅದೇ.