ಎಂಟು ಬಿಟ್ಟಿನ ಮೈದಾನದಲ್ಲಿ ಕ್ಯಾಪ್ಟನ್ ತ್ಸುಬಾಸಾ

ಕೇಳುಗರೆಲ್ಲರಿಗೂ ನಮಸ್ಕಾರ.

ಚೆಂಡು ತ್ಸುಬಾಸಾನ ಕಾಲಿನಲ್ಲಿದೆ. ಎದುರಾಳಿ ತಂಡದ ಇಬ್ಬರು ಅವನನ್ನು ಅಡ್ಡಗಟ್ಟಿದ್ದಾರೆ. ಬೇರೆ ಯಾವುದೇ ಫುಟ್‌ಬಾಲ್ ವಿಡಿಯೊ ಗೇಮಿನಲ್ಲಿ ಇದು ಬೆರಳುಗಳು ಅವಸರಪಡುವ ಹೊತ್ತು. ಇಲ್ಲಿ ಮಾತ್ರ ಗಡಿಯಾರ ನಿಂತುಬಿಡುತ್ತದೆ, ಆಟಗಾರರು ನಿಂತಲ್ಲೇ ನಿಲ್ಲುತ್ತಾರೆ, ಪರದೆಯ ಮೇಲೆ ಡ್ರಿಬಲ್, ಪಾಸ್, ಶೂಟ್ ಎಂಬ ಆಯ್ಕೆಗಳು ಮೂಡುತ್ತವೆ. ಆಡುವವನು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ನಾನು ಇಂದು ಮಾತನಾಡಬೇಕೆಂದಿರುವುದು ಹೀಗೆ ನಿಂತ ಆ ಗಡಿಯಾರದ ಬಗ್ಗೆ. ಒಂದು ಅನಿಮೆ ಸರಣಿಯನ್ನು, ಅಂದರೆ ಜಪಾನಿನ ಆನಿಮೇಷನ್ ಸರಣಿಯನ್ನು, ಆಟವಾಗಿ ಮಾರ್ಪಡಿಸುವಾಗ ಅದರ ಕಥೆಗಿಂತಲೂ, ಪಾತ್ರಗಳ ಮುಖಗಳಿಗಿಂತಲೂ ಮೊದಲು ಉಳಿಸಿಕೊಳ್ಳಬೇಕಾದದ್ದು ಅದರೊಳಗಿನ ಕಾಲದ ನಡಿಗೆ ಎಂದು ನನಗೆ ಮನವರಿಕೆಯಾದದ್ದು ಈ ಆಟದಿಂದಲೇ.

ಯೋಇಚಿ ತಕಾಹಾಶಿಯವರ ಚಿತ್ರಕಥೆ ‘ಕ್ಯಾಪ್ಟನ್ ತ್ಸುಬಾಸಾ’ 1981ರಲ್ಲಿ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾಯಿತು. 1983ರಲ್ಲಿ ಅದು ಟಿ.ವಿ.ಗೆ ಬಂದು 1986ರವರೆಗೆ 128 ಕಂತುಗಳಲ್ಲಿ ಪ್ರಸಾರವಾಯಿತು. ಆಗ ಜಪಾನಿನಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಇರಲಿಲ್ಲ. ಜೆ ಲೀಗ್ ಪಂದ್ಯಗಳು ಶುರುವಾದದ್ದು 1993ರಲ್ಲಿ. ಬೇಸ್‌ಬಾಲ್ ಮನೆಮಾತಾಗಿದ್ದ ನಾಡಿನ ಮಕ್ಕಳನ್ನು ಫುಟ್‌ಬಾಲಿನ ಕಡೆಗೆ ತಿರುಗಿಸಿದವರಲ್ಲಿ ಈ ಕಥೆಯ ಹುಡುಗನಿಗೂ ದೊಡ್ಡ ಪಾಲಿದೆ. ಟೆಕ್ಮೊ ಸಂಸ್ಥೆ ಇದನ್ನು ಟಿ.ವಿ.ಗೆ ಸಿಕ್ಕಿಸಿ ಆಡುವ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕಾಗಿ ಆಟವಾಗಿಸಿ 1988ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಅದರ ಎರಡನೆಯ ಭಾಗ ‘ಸೂಪರ್ ಸ್ಟ್ರೈಕರ್’ 1990ರ ಜುಲೈನಲ್ಲಿ ಬಂತು. ನಾನು ಹೆಚ್ಚಾಗಿ ಆಡಿರುವುದು, ಇಂದಿಗೂ ಆಡುತ್ತಿರುವುದು ಈ ಎರಡನೆಯ ಭಾಗವನ್ನು.

ಆ ಅನಿಮೆ ನೋಡಿದವರಿಗೆ ಅದರ ಮೈದಾನ ಎಷ್ಟು ಉದ್ದ ಎಂಬುದು ನೆನಪಿರುತ್ತದೆ. ಹುಡುಗನೊಬ್ಬ ಚೆಂಡು ತೆಗೆದುಕೊಂಡು ಓಡುತ್ತಾನೆ, ಓಡುತ್ತಲೇ ಇರುತ್ತಾನೆ, ನೆಲ ಗುಡ್ಡದಂತೆ ಬಾಗಿ ಗೋಲು ದಿಗಂತದಾಚೆಯಿಂದ ಮೆಲ್ಲಗೆ ಮೇಲೇಳುತ್ತದೆ. ಆ ಓಟದ ನಡುವೆ ಅವನಿಗೆ ಬಾಲ್ಯ ನೆನಪಾಗುತ್ತದೆ, ಗೆಳೆಯನಿಗೆ ಕೊಟ್ಟ ಮಾತು ನೆನಪಾಗುತ್ತದೆ, ಎದುರಾಳಿಯ ಮನಸ್ಸಿನ ಮಾತೂ ನಮಗೆ ಕೇಳಿಸುತ್ತದೆ. ಇದನ್ನು ಎಳೆದಾಟವೆಂದು ಆಕ್ಷೇಪಿಸುವವರಿದ್ದಾರೆ. ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಆ ಆಕ್ಷೇಪ ಒಪ್ಪಿಗೆಯಾಗುವುದು ಕಷ್ಟ. ಹೂಡಿದ ಬಾಣ ಬಿಲ್ಲಿನಲ್ಲೇ ಇರುವಾಗ ಕರ್ಣನೂ ಅರ್ಜುನನೂ ಅರ್ಧ ಗಂಟೆ ವಾದಿಸಿದರೆ ನಾವು ಯಾರೂ ಗಡಿಯಾರ ನೋಡುವುದಿಲ್ಲ.

ಈ ನಿಧಾನಕ್ಕೆ ಮಿತವ್ಯಯದ ಕಾರಣವೂ ಇದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಆದರೆ 1963ರಲ್ಲಿ ಒಸಾಮು ತೆಜುಕಾ ಅವರ ‘ಅಸ್ಟ್ರೊ ಬಾಯ್’ ವಾರವಾರ ಟಿ.ವಿ.ಯಲ್ಲಿ ಬರತೊಡಗಿದಾಗಿನಿಂದ ಜಪಾನಿನ ಚಿತ್ರಕಾರರು ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳವರೆಗೆ ಹಿಡಿದಿಡುವುದು, ಮುಖವನ್ನು ಅಲುಗಾಡಿಸದೆ ಬಾಯಿಯನ್ನಷ್ಟೇ ಆಡಿಸುವುದು, ನಿಂತ ಚಿತ್ರದ ಹಿಂದೆ ಗೆರೆಗಳನ್ನು ಓಡಿಸಿ ವೇಗದ ಭ್ರಮೆ ಹುಟ್ಟಿಸುವುದು ಇಂಥ ಉಪಾಯಗಳಿಂದ ವಾರದ ಗಡುವನ್ನು ಮುಟ್ಟುತ್ತಿದ್ದರು. ದುಡ್ಡು ಮತ್ತು ಸಮಯದ ಕೊರತೆಯಿಂದ ಹುಟ್ಟಿದ ಉಪಾಯ ಕ್ರಮೇಣ ಒಂದು ಶೈಲಿಯಾಯಿತು.

ಇನ್ನು ಫ್ಯಾಮಿಕಾಮ್ ಯಂತ್ರದ ಬಡತನವನ್ನು ನೋಡಿ. ಎಂಟು ಬಿಟ್ಟಿನ ಪ್ರೊಸೆಸರ್, ಕೆಲಸಕ್ಕೆ ಬರೀ 2 ಕಿಲೋಬೈಟ್ ಮೆಮೊರಿ, ಅಡ್ಡಗೆರೆಯೊಂದರಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಬಿಂಬಗಳನ್ನು ತೋರಿಸಲಾಗದ ಪರದೆ. 22 ಆಟಗಾರರನ್ನು ಒಟ್ಟಿಗೆ ಓಡಿಸಹೊರಟರೆ ಅವರು ಇರುವೆಗಳಷ್ಟು ಚಿಕ್ಕವರಾಗಬೇಕು, ಅಲ್ಲವಾದರೆ ಮಿಣುಕಿ ಮಾಯವಾಗಬೇಕು. ಟೆಕ್ಮೊದವರು ಆ ಹಾದಿಯನ್ನೇ ಬಿಟ್ಟರು. ಚೆಂಡು ಇರುವ ಒಬ್ಬನನ್ನು ದೊಡ್ಡದಾಗಿ ತೋರಿಸಿದರು, ಉಳಿದವರನ್ನು ಕೆಳಗಿನ ಪುಟ್ಟ ನಕ್ಷೆಯಲ್ಲಿ ಚುಕ್ಕೆಗಳಾಗಿಸಿದರು, ಮುಖ್ಯ ಕ್ಷಣಗಳಿಗೆ ಅನಿಮೆಯ ಹಾಗೆಯೇ ನಿಂತ ಚಿತ್ರ ಮತ್ತು ಓಡುವ ಗೆರೆಗಳನ್ನು ಬಳಸಿದರು. ಬಡವನ ಮನೆಯ ಅಡುಗೆಯನ್ನು ಇನ್ನೊಬ್ಬ ಬಡವ ಸರಿಯಾಗಿ ಕಲಿತ ಹಾಗೆ, ಅನಿಮೆಯ ಕೊರತೆಯ ಕಲೆಯನ್ನು ಈ ಯಂತ್ರ ತನ್ನ ಕೊರತೆಯ ಮೂಲಕವೇ ಅರಗಿಸಿಕೊಂಡಿತು. ಆ ಕಾಲದ ಎಷ್ಟೋ ಅನಿಮೆ ಆಟಗಳು ನಾಯಕನನ್ನು ಓಡುವ, ಹಾರುವ, ಹೊಡೆಯುವ ಬೊಂಬೆಯಾಗಿಸಿ ಹೆಸರನ್ನಷ್ಟೇ ಅಂಟಿಸಿಕೊಂಡವು. ಅವನ್ನು ಆಡುವಾಗ ಆ ಕಥೆಯ ಒಳಗಿದ್ದೇನೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಆಟದ ಲೆಕ್ಕಾಚಾರ ಸರಳವಾದದ್ದು, ಆದರೆ ನಿಷ್ಠುರವಾದದ್ದು. ಪ್ರತಿಯೊಬ್ಬ ಆಟಗಾರನಿಗೂ ‘ಗಟ್ಸ್’ ಎಂಬ ಒಂದು ಅಂಕಿ ಇರುತ್ತದೆ. ನಮ್ಮ ಮಾತಿನಲ್ಲಿ ಕಸುವು ಎನ್ನಬಹುದು. ತ್ಸುಬಾಸಾನ ಡ್ರೈವ್ ಶಾಟ್, ಹ್ಯೂಗಾನ ಟೈಗರ್ ಶಾಟ್, ತಾಚಿಬಾನಾ ಅವಳಿಗಳು ಒಬ್ಬರ ಕಾಲಿನ ಮೇಲಿಂದ ಒಬ್ಬರು ಚಿಮ್ಮಿ ಹೊಡೆಯುವ ಸ್ಕೈಲ್ಯಾಬ್ ಹರಿಕೇನ್, ಇಂಥ ವಿಶೇಷ ಹೊಡೆತಗಳೆಲ್ಲ ಕಸುವನ್ನು ದೊಡ್ಡ ಪ್ರಮಾಣದಲ್ಲಿ ನುಂಗುತ್ತವೆ. ಮೊದಲರ್ಧದಲ್ಲಿ ಹುಮ್ಮಸ್ಸಿನಿಂದ ಖರ್ಚು ಮಾಡಿದವನಿಗೆ ಕೊನೆಯ ನಿಮಿಷಗಳಲ್ಲಿ ಉಳಿಯುವುದು ಸಾಮಾನ್ಯ ಹುಡುಗನ ಸಾಮಾನ್ಯ ಹೊಡೆತ ಮಾತ್ರ. ಹಾಗಾಗಿ ಗಡಿಯಾರ ನಿಂತಾಗ ನಾವು ಮಾಡುವುದು ಬರೀ ಲೆಕ್ಕವಲ್ಲ. ದಣಿದ ಗೆಳೆಯನಿಂದ ಇನ್ನೊಂದು ಸಲ ಕೇಳಬಹುದೇ ಎಂಬ ಯೋಚನೆ. ಅನಿಮೆಯಲ್ಲಿ ಓಡುತ್ತಾ ಓಡುತ್ತಾ ಆ ಹುಡುಗರು ಮಾಡುತ್ತಿದ್ದುದೂ ಇದೇ.

ಒಂದು ಹೊಡೆತವನ್ನು ಹತ್ತಿರದಿಂದ ನೋಡೋಣ. ಶೂಟ್ ಎಂದು ಆರಿಸಿದ ಕೂಡಲೇ ಕಾಲು ಹಿಂದಕ್ಕೆ ಹೋಗುತ್ತದೆ. ಪರದೆಯ ಕೆಳಗೆ ಒಂದು ಸಣ್ಣ ವಾಕ್ಯ ಅಕ್ಷರ ಅಕ್ಷರವಾಗಿ ಮೂಡುತ್ತದೆ. ಚೆಂಡು ಹಾರುತ್ತದೆ. ಅಡ್ಡ ಬಂದ ಮೊದಲನೆಯ ರಕ್ಷಕನ ಚಿತ್ರ ಬರುತ್ತದೆ; ‘ಫುತ್ತೊಬಸರೆತಾ’, ಅಂದರೆ ಹೊಡೆತಕ್ಕೆ ಹಾರಿಬಿದ್ದ ಎಂದು ಬರಹ ಹೇಳುತ್ತದೆ. ಎರಡನೆಯವನೂ ಹಾರಿಬೀಳುತ್ತಾನೆ. ಆಮೇಲೆ ಗೋಲ್‌ಕೀಪರ್ ಜಿಗಿಯುತ್ತಾನೆ, ಮಾತು ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಆ ಒಂದು ಉಸಿರಿಗಾಗಿ ನಾನು ಈ ಆಟಕ್ಕೆ ಮತ್ತೆ ಮತ್ತೆ ಮರಳುತ್ತೇನೆ. ಬಾನುಲಿಯಲ್ಲಿ ವೀಕ್ಷಕ ವಿವರಣೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಆಕಾಶಕ್ಕೆ ಹೋಗಿದೆ, ಕೆಳಗೆ ಕ್ಷೇತ್ರರಕ್ಷಕನಿದ್ದಾನೆ ಎಂದು ವಿವರಣೆಕಾರರು ಹೇಳಿ ಸುಮ್ಮನಾದ ಆ ಗಳಿಗೆಯಲ್ಲಿ ಚೆಂಡು ಇದ್ದದ್ದು ನಮ್ಮೊಳಗೇ. ಈ ಆಟವೂ ಚಿತ್ರ ಮುಟ್ಟಲಾಗದ ಜಾಗವನ್ನು ಮಾತಿಗೆ ಬಿಟ್ಟುಕೊಡುತ್ತದೆ, ಮಾತು ಮುಟ್ಟಲಾಗದ ಜಾಗವನ್ನು ನಮಗೆ ಬಿಟ್ಟುಕೊಡುತ್ತದೆ.

ನನ್ನ ಬಳಿ ಇರುವ ಕ್ಯಾಸೆಟ್ಟು ಟೋಕಿಯೊದ ಅಕಿಹಾಬಾರಾದಲ್ಲಿ ಹಳೆಯ ಆಟಗಳನ್ನು ಮಾರುವ ಒಂದು ಅಂಗಡಿಯಿಂದ ಬಂದದ್ದು. ಅದರ ಬೆನ್ನಿನ ಮೇಲೆ ಯಾವುದೋ ಮಗು ಮಾರ್ಕರ್ ಪೆನ್ನಿನಲ್ಲಿ ತನ್ನ ಹೆಸರು ಬರೆದುಕೊಂಡಿದೆ; ಅಕ್ಷರಗಳು ಅರ್ಧ ಅಳಿಸಿವೆ. ಆಟವನ್ನು ಉಳಿಸಿಡುವ ವ್ಯವಸ್ಥೆ ಕ್ಯಾಸೆಟ್ಟಿನಲ್ಲಿ ಇಲ್ಲ. ಎಲ್ಲಿಗೆ ಬಂದಿದ್ದೇವೆಂಬುದನ್ನು ಜಪಾನಿನ ಹಿರಗಾನ ಲಿಪಿಯ ಒಂದು ಸಂಕೇತಪದವಾಗಿ ಅದು ತೋರಿಸುತ್ತದೆ, ನಾವು ಬರೆದಿಟ್ಟುಕೊಂಡು ಮರುದಿನ ಹಾಗೆಯೇ ತುಂಬಬೇಕು. ನಾನು ಆ ಲಿಪಿಯನ್ನು ಕಲಿತದ್ದು ಹೀಗೆ. ‘ನು’ ಮತ್ತು ‘ಮೆ’ ಎಂಬ ಎರಡು ಅಕ್ಷರಗಳಿಗೆ ಇರುವ ವ್ಯತ್ಯಾಸ ಕೊನೆಯ ಒಂದು ಸಣ್ಣ ಸುರುಳಿ ಮಾತ್ರ. ನಮ್ಮ ‘ಪ’ ಮತ್ತು ‘ಷ’ ಅಕ್ಷರಗಳನ್ನು ಹೊಸದಾಗಿ ಕಲಿಯುವವರು ತಡವರಿಸುವಂತೆ ನಾನು ಅಲ್ಲಿ ತಡವರಿಸಿದೆ. ಒಂದು ರಾತ್ರಿ ಆ ಸುರುಳಿಯನ್ನು ಬರೆಯದೆ ಬಿಟ್ಟದ್ದರಿಂದ ಮೂರು ಪಂದ್ಯಗಳ ಗೆಲುವು ಕೈತಪ್ಪಿಹೋಯಿತು. ಅದನ್ನು ಬರೆದ ಹಾಳೆ ಇನ್ನೂ ನನ್ನಲ್ಲಿದೆ.

ಸೋಲುವುದನ್ನು ಈ ಆಟ ದಂಡವಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಸೋತ ಪಂದ್ಯದಲ್ಲಿಯೂ ಹುಡುಗರು ಅನುಭವ ಗಳಿಸುತ್ತಾರೆ, ಅದೇ ಪಂದ್ಯವನ್ನು ಮತ್ತೆ ಆಡುವಾಗ ತುಸು ಬಲವಾಗಿರುತ್ತಾರೆ. ಶ್ರಮಪಟ್ಟು ಮೇಲೇರುವ ಹುಡುಗರ ಕಥೆಗೆ ಇದಕ್ಕಿಂತ ಹೊಂದುವ ನಿಯಮ ನನಗೆ ತೋಚದು.

ಎರಡನೆಯ ಭಾಗದ ಕಥೆಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. 1988ರಲ್ಲಿ ಮೂಲ ಚಿತ್ರಕಥೆ ಮುಗಿದಾಗ ತ್ಸುಬಾಸಾ ಬ್ರೆಜಿಲ್‌ಗೆ ಹೊರಟಿದ್ದ. ಅಲ್ಲಿಂದ ಮುಂದಿನದನ್ನು ಈ ಆಟವೇ ಕಟ್ಟಿತು: ಸಾವೊ ಪಾವ್ಲೊ ತಂಡದಲ್ಲಿ ಅವನ ದಿನಗಳು, ಜಪಾನಿನಲ್ಲಿ ಉಳಿದ ಗೆಳೆಯರ ಪಂದ್ಯಗಳು, ಕೊನೆಗೆ ಬ್ರೆಜಿಲ್ ಎದುರಿನ ಅಂತಿಮ ಹೋರಾಟ. ಅಲ್ಲಿ ಎದುರಾಗುವ ಭಯಂಕರ ಆಟಗಾರನ ಹೆಸರು ಕೊಯಿಂಬ್ರಾ. ಫುಟ್‌ಬಾಲ್ ಬಲ್ಲವರಿಗೆ ಅದು ಬ್ರೆಜಿಲ್‌ನ ಖ್ಯಾತ ಆಟಗಾರ ಜೀಕೊ ಅವರ ಮನೆತನದ ಹೆಸರೆಂದು ಗೊತ್ತು. ಆಟ ಬಂದ ಮರುವರ್ಷವೇ, 1991ರಲ್ಲಿ, ಜೀಕೊ ಆಡುವುದಕ್ಕಾಗಿ ಜಪಾನಿಗೆ ಬಂದರು.

ಮೊದಲ ಭಾಗ 1992ರಲ್ಲಿ ಅಮೆರಿಕಕ್ಕೆ ಹೋದಾಗ ಅದರ ಹೆಸರು ‘ಟೆಕ್ಮೊ ಕಪ್ ಸಾಕರ್ ಗೇಮ್’ ಎಂದಾಯಿತು, ತ್ಸುಬಾಸಾ ರಾಬಿನ್ ಎಂಬ ಹುಡುಗನಾದ, ಮುಖಗಳೂ ಬದಲಾದವು. ಗಡಿಯಾರ ನಿಲ್ಲುವುದು ಮಾತ್ರ ಹಾಗೆಯೇ ಉಳಿಯಿತು. ಆದರೆ ಅದು ಯಾರ ನೆನಪಿಗಾಗಿ ನಿಲ್ಲುತ್ತಿದೆ ಎಂಬುದು ಆಡುವವರಿಗೆ ತಿಳಿಯದಾಯಿತು. ನಮ್ಮಲ್ಲಿಯೂ ಇಂಥದ್ದೊಂದು ಆಗಿದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಲ್ಲಿ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮುಗಳಲ್ಲಿ ಹೆಚ್ಚಿನವು ಇದೇ ಫ್ಯಾಮಿಕಾಮಿನ ನಕಲುಗಳು. ದೂರದರ್ಶನದಲ್ಲಿ ಹಿಂದಿ ಹಾಡಿನೊಂದಿಗೆ ಬರುತ್ತಿದ್ದ ಮೋಗ್ಲಿಯೂ ಜಪಾನಿನ ಅನಿಮೆಯೇ. ಎರಡರ ಊರೂ ಒಂದೇ ಎಂದು ನಮಗೆ ಆಗ ಯಾರೂ ಹೇಳಲಿಲ್ಲ.

ಮೊರಿಸಾಕಿಯ ವಿಷಯ ಹೇಳದೆ ಮಾತು ಮುಗಿಸಲಾರೆ. ಅವನು ತ್ಸುಬಾಸಾನ ಗೆಳೆಯರ ನಾನ್ಕಾತ್ಸು ತಂಡದ ಗೋಲ್‌ಕೀಪರ್. ದೊಡ್ಡ ಹೊಡೆತ ಬಂದರೆ ಅವನ ಕೈಗೆ ಚೆಂಡು ಸಿಗುವುದು ಅಪರೂಪವೆಂಬುದು ಈ ಆಟ ಆಡಿದವರಿಗೆಲ್ಲ ಗೊತ್ತು. ಕಳೆದ ತಿಂಗಳು ನಾನು ಹ್ಯೂಗಾ ಆಡುವ ತೋಹೊ ತಂಡದ ಎದುರು ಒಂದು ಗೋಲಿನಿಂದ ಮುಂದಿದ್ದೆ, ಆಟ ಮುಗಿಯಲು ಕೆಲವೇ ಕ್ಷಣಗಳಿದ್ದವು. ಹ್ಯೂಗಾ ಕಾಲೆತ್ತಿದ. ಮೊದಲ ರಕ್ಷಕ ಹಾರಿಬಿದ್ದ. ನಮ್ಮ ಇನ್ನೊಬ್ಬ ರಕ್ಷಕ ಇಶಿಝಾಕಿ ತನ್ನ ಮುಖವನ್ನೇ ಚೆಂಡಿಗೆ ಒಡ್ಡಿದ, ಅವನೂ ಹಾರಿಬಿದ್ದ. ಮೊರಿಸಾಕಿ ಜಿಗಿದ, ಬರಹ ನಿಂತಿತು. ನಾನು ಕೈಯಲ್ಲಿದ್ದ ಕಂಟ್ರೋಲರ್ ಅನ್ನು ನೆಲದ ಮೇಲಿಟ್ಟೆ, ಏಕೆಂದರೆ ಇನ್ನು ನಾನು ಮಾಡುವುದೇನೂ ಇರಲಿಲ್ಲ. ಆಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: ಮೊರಿಸಾಕಿ ಚೆಂಡು ಹಿಡಿದಿದ್ದ. ಗಡಿಯಾರ ಮತ್ತೆ ಓಡತೊಡಗಿತು.

ನಮಸ್ಕಾರ.